ಸಂಜೆ ಪಾಳಿಯ ಊಟ

ಬಸ್ ಡಿಪೋದ ವ್ಯವಸ್ಥಾಪಕರ ಸನ್ನಿಧಿಗೆ,

೧. ಅರ್ಜಿದಾರ: ಭಾವುಸಾಹೇಬ, ಶಿರಗುಪ್ಪಿ.
೨. ಸಂಬಂಧ: ತಮ್ಮ ಮೆಕ್ಯಾನಿಕ್ ತ್ರಿಶಲಾಳ ಅಜ್ಜ.
೩. ವಿಷಯ: ಆಕೆಯ ಸಂಜೆ ಪಾಳಿ.

ಕತ್ತಲಾದ ಮೇಲೆ ಉಣ್ಣದ ಜೈನ ಮನೆತನ ನಮ್ಮದು. ಸಂಜೆ ಪಾಳಿಯಲ್ಲಿ ಮೊಮ್ಮಗಳ ನೇಮ ತಪ್ಪುತ್ತಿದೆಯೆಂದು, ವಾರ್ಷಿಕೋತ್ಸವಕ್ಕೆ ತಾವು ಸಾರ್ವಜನಿಕರನ್ನು ಒಳಬಿಟ್ಟ ದಿನ, ನನ್ನ ಪತ್ನಿ ಕಮಲಾಬಾಯಿ ಆಕೆಯನ್ನು ಕೆಲಸ ಬಿಡಿಸಿ ಕರೆದೊಯ್ಯಲೆಂದೇ ನನ್ನೊಂದಿಗೆ ಬಂದಿದ್ದಳು. ಅಷ್ಟರಲ್ಲಿ ಹಿರಿಯ ಮೆಕ್ಯಾನಿಕ್ ಮುರಗೆಪ್ಪನವರು ಬಸ್ಸಿನಡಿ ಬಗ್ಗಿ ಕೂಗಿದರು:

"ತ್ರಿಶಲಾ, ಹೊತ್ತು ಮುಳಗಾಕ ಬಂತು. ನಟ್ ಬಿಚ್ಚೂ ಪಾನಾ ಕೆಳಗಿಟ್ಟು ಮೊದಲ ಉಂಡ ಬಾರವ್ವ."

"ದಿನಾ ಹಿಂಗ ಕರೀತೀರೇನ್ರಿ?" ಎಂದಳು ಕಮಲಾಬಾಯಿ.

"ಹೌದ್ರಿ. ಈಕಿ ಉಂಡ ಮ್ಯಾಲೇ ಇಲ್ಲಿ ಕತ್ತಲಾಗೂದ್ರಿ."

ಆ ಸಂಜೆ ನಾವಿಬ್ಬರೇ ಊರಿಗೆ ಮರಳಿದೆವು. ಆದಕಾರಣ, ಮೊಮ್ಮಗಳ ಪಾಳಿಯನ್ನು ಯಾವ ಕಾರಣಕ್ಕೂ ಬದಲಾಯಿಸಬಾರದೆಂದು ಹೆಮ್ಮೆಯಿಂದ ಪ್ರಾರ್ಥಿಸುತ್ತೇನೆ.

ತಮ್ಮ ವಿಶ್ವಾಸಿ,
(ಸಹಿ) ಭಾವುಸಾಹೇಬ

ಲಗತ್ತು: ಮುರಗೆಪ್ಪನವರಿಗೆ ಕಮಲಾಬಾಯಿ ಮಾಡಿದ ಶೇಂಗಾ ಹೋಳಿಗೆ, ಒಂದು ಡಬ್ಬಿ.