ಮಿಷನ್ ಸದ್ದು ನಿಂತಾಗ

ರಾಯದುರ್ಗ,
ಭಾನುವಾರ

ಮಡಕಶಿರದ ಅಕ್ಕ ಪ್ರಸನ್ನಲಕ್ಷ್ಮಿಗೆ ತಮ್ಮನ ನಮಸ್ಕಾರ.

ಅವ್ವನಿಗೆ ಮಾತು ಇನ್ನೂ ಬಂದಿಲ್ಲ, ಬಲಗೈ ಏಳುತ್ತಿಲ್ಲ. ಬರುವಾಗ ಹಳೆಯ ಹತ್ತಿ ಸೀರೆಗಳನ್ನು ತಾ.

ನಿನಗೆ ಸುಳ್ಳು ಹೇಳಿದ್ದೆ. ಅವ್ವನಿಗೆ ಲಕ್ವ ಹೊಡೆದ ದಿನ ನಾನು ಹೊರಗೆ ಹೋಗಿರಲಿಲ್ಲ. ಪಕ್ಕದ ಕೋಣೆಯಲ್ಲೇ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಫೋನಿನಲ್ಲಿ ಗೇಮ್ ಆಡುತ್ತಿದ್ದೆ. ಹೊಲಿಗೆ ಮಿಷನ್ ಸದ್ದು ನಿಂತರೆ "ಯಾಕವ್ವ, ಏನಾತು?" ಎಂದು ಎದ್ದು ಹೋಗುವುದು ನಮ್ಮ ಮನೆಯ ರೂಢಿಯಲ್ಲವೇ? ಅವ್ವ ಕೂಲಿಗೆ ತಂದ ಜೀನ್ಸ್ ಹೊಲಿಯುತ್ತಲೇ ಕುಸಿದಳು. ನಾನು ಎದ್ದು ಹೋದದ್ದು ಎರಡು ತಾಸಿನ ಮೇಲೆ. ಕರೆದರೆ ಸಿಡುಕುತ್ತೇನೆಂದು ಅವಳು ನನ್ನನ್ನು ಕರೆಯುವುದನ್ನೇ ಯಾವತ್ತೋ ಬಿಟ್ಟಿದ್ದಳು.

ಬೈಯುವುದಾದರೆ ನನ್ನನ್ನು ಹೊರಗೆ ಕರೆದು ಬೈ, ಅವ್ವನಿಗೆ ಎಲ್ಲ ಕೇಳಿಸುತ್ತದೆ. ಉಳಿದ ಜೀನ್ಸ್ ನಾನೇ ಹೊಲಿಯುತ್ತಿದ್ದೇನೆ. ದಾರ ತುಂಡಾಗಿ ಒಂದು ಗಳಿಗೆ ಮಿಷನ್ ನಿಂತರೂ ಅವ್ವ ಮಲಗಿದಲ್ಲೇ ಕತ್ತು ಹೊರಳಿಸಿ ನನ್ನನ್ನು ಹುಡುಕುತ್ತಾಳೆ.

ನಿನ್ನ ತಮ್ಮ,
ತಿರುಮಲೇಶ್