ಲಿಯೋರಾದ ಬಿಸಿಲು

ಧಾರವಾಡ, ಫೆಬ್ರವರಿ 30, 2261

ಇನ್ನೂರು ವರ್ಷಗಳ ಹಿಂದಿನ ಹಿರಿಯರಿಗೆ ನೀಲಗಂಗಾಳ ನಮಸ್ಕಾರಗಳು. ನಮ್ಮ ಕಾಲದ ತಾರೀಖು, ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನಾವು ಚಪ್ಪರದ ಕೆಳಗೆ ಬದುಕುವ ಜನ. ಚಪ್ಪರವೆಂದರೆ ಊರಿಗೆ ಊರನ್ನೇ ಮುಚ್ಚಿರುವ ಗಾಜಿನ ಮಾಡು. ಗಾಳಿಯನ್ನು ಸೋಸಿ, ಬಿಸಿಲನ್ನು ತಣಿಸಿ ಒಳಗೆ ಬಿಡುತ್ತಾರೆ. ಇಲ್ಲಿ ಟೊಮೆಟೊ ಬೆಳೆಯುತ್ತದೆ, ಮದುವೆಗಳಾಗುತ್ತವೆ, ಸಂಜೆ ತಿನ್ನಲು ಗಿರಮಿಟ್ ಸಿಗುತ್ತದೆ. ಆದರೆ ಎತ್ತ ನಡೆದರೂ ಕೊನೆಗೆ ಹಣೆ ಗಾಜಿಗೆ ತಾಗುತ್ತದೆ.

ಮೆಡಿಟರೇನಿಯನ್ ಸಮುದ್ರದಲ್ಲಿ ಲಿಯೋರಾ ಎಂಬ ಪುಟ್ಟ ದ್ವೀಪವಿದೆ, ಅಲ್ಲಿ ಚಪ್ಪರವಿಲ್ಲ ಎಂದು ಕೇಳಿದಾಗಿನಿಂದ ನನಗೆ ಅದೇ ಗುಂಗು. ನೋಡುವ ಜಾಗಗಳೇನೂ ಬೇಡ. ಮರಳಿನ ಮೇಲೆ ಮಲಗುವುದು, ಹಸಿವಾದರೆ ರೊಟ್ಟಿ, ಆಲಿವ್ ಕಾಯಿ ತಿನ್ನುವುದು, ಮತ್ತೆ ಮಲಗುವುದು. ಯಾವ ಕೋಣೆ ಕಡಲಿಗೆ ಹತ್ತಿರ ಎಂಬುದನ್ನೂ ವಿಚಾರಿಸಿಟ್ಟಿದ್ದೆ. ನನ್ನ ಗಂಡ ಗುರುಸಿದ್ಧಪ್ಪನವರಿಗೆ ಪ್ರವಾಸವೆಂದರೆ ಬೇಸರ. ನನಗಾಗಿ ಹೂಂ ಎಂದಿದ್ದರು.

ಹೊರಡುವ ಮುನ್ನ ಉಸಿರು ಪರೀಕ್ಷೆ ಮಾಡುತ್ತಾರೆ, ಹೊರಗಿನ ಗಾಳಿಯನ್ನು ಎದೆ ತಾಳುತ್ತದೆಯೇ ಎಂದು. ನನ್ನವರು ಪಾಸಾದರು, ನಾನು ಆಗಲಿಲ್ಲ. ಇನ್ನು ಈ ಜನ್ಮದಲ್ಲಿ ನಾನು ಹೊರಗೆ ಹೋಗುವಂತಿಲ್ಲ ಎಂದು ಡಾಕ್ಟರಮ್ಮ ಮೆಲ್ಲಗೆ ಹೇಳಿದರು.

ಗುರುಸಿದ್ಧಪ್ಪನವರು ಟಿಕೆಟ್ ರದ್ದು ಮಾಡಲು ಹೊರಟಾಗ ನಾನೇ ತಡೆದೆ. ಇಬ್ಬರಲ್ಲಿ ಒಬ್ಬರಾದರೂ ಆ ಮರಳಿನ ಮೇಲೆ ಮಲಗಲಿ ಎಂದು ಹಟ ಹಿಡಿದು ಕಳಿಸಿದೆ. ದಿನಾ ಫೋನಿನಲ್ಲಿ ಕೇಳುತ್ತಿದ್ದೆ. ಕಡಲು ಹೇಗಿದೆ ಎಂದರೆ ನೀರೈತಿ ಎನ್ನುತ್ತಿದ್ದರು. ಬಣ್ಣ ಕೇಳಿದರೆ ಬಹಳ ಯೋಚಿಸಿ, ನೀಲಿ ಎನ್ನುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಎರಡು ವಾರಕ್ಕೆಂದು ಹೋದವರು ಮೊದಲ ವಾರ ಮುಗಿಯುವ ಮುಂಚೆಯೇ ಬಾಗಿಲಲ್ಲಿ ಬಂದು ನಿಂತರು.

“ಯಾಕ ಬಂದ್ರಿ?” ಎಂದೆ.

“ಅಲ್ಲಿ ಗ್ವಾಡಿ ಇಲ್ಲ, ಬಾಗಲಾ ಇಲ್ಲ, ನೀಲಾ. ನೀ ಇಲ್ಲಿ ಒಳಗ ಅದಿ ಅನ್ನೂದು ನೆನಪಾಗಿ, ಅಂಥಾ ಬಯಲಿನ್ಯಾಗೂ ಉಸಿರು ಕಟ್ಟಿದಂಗಾತು.”

“ನೀವು ಅಲ್ಲಿರೂದ ನನಗಿದ್ದ ಒಂದ ಕಿಟಕಿ. ಅದನ್ನೂ ಮುಚ್ಚಿ ಬಂದ್ರಿ.”

ಅವರು ಚೀಲ ಕೆಳಗಿಟ್ಟು ಒಳಗೆ ಹೋದರು.

ಮರುದಿನ ಅಂಗಿ ತೊಡಲು ಅವರು ಒದ್ದಾಡುವುದು ಕಂಡು ಹತ್ತಿರ ಹೋದೆ. ಬೆನ್ನು ಸುಟ್ಟು ಕೆಂಪಾಗಿ ಸಿಪ್ಪೆ ಏಳುತ್ತಿತ್ತು. ನಾನು ಹೇಳಿದ್ದೆನೆಂದು, ನಿದ್ದೆ ಬರದಿದ್ದರೂ ದಿನವಿಡೀ ಮರಳಿನ ಮೇಲೆ ಬೋರಲಾಗಿ ಮಲಗಿರುತ್ತಿದ್ದರಂತೆ. ಕೊಬ್ಬರಿ ಎಣ್ಣೆ ಹಚ್ಚಲು ಅಂಗೈ ಇಟ್ಟೆ. ಚರ್ಮ ಇನ್ನೂ ಕಾಯುತ್ತಿತ್ತು. ಎಣ್ಣೆ ಇಂಗಿದ ಮೇಲೂ ಕೈ ತೆಗೆಯಲು ಮನಸ್ಸಾಗಲಿಲ್ಲ. ಹೊರಗಿನ ಬಿಸಿಲನ್ನು ನಾನು ಮುಟ್ಟಿದ್ದು ಅದೊಂದೇ ಸಲ.

ನೀವು ಬಿಸಿಲನ್ನು ಬೈಯುತ್ತ ನೆರಳಿಗೆ ಸರಿಯುವವರೆಂದು ಕೇಳಿದ್ದೇನೆ. ಒಂದು ದಿನ, ನನ್ನ ಸಲುವಾಗಿ, ಸ್ವಲ್ಪ ಹೊತ್ತು ಅಲ್ಲೇ ನಿಲ್ಲಿ.