ತಂದೆಯ ಹೆಸರಿನ ಜಾಗ

ಅಮ್ಮಾ,

ನಿನಗೆ ಓದಲು ಬರುತ್ತಿರಲಿಲ್ಲ. ಆದರೂ ಬರೆಯುತ್ತಿದ್ದೇನೆ. ಎದುರಿಗೆ ಕೂತು ಹೇಳಬೇಕಾಗಿದ್ದಾಗ ಹೇಳಲಿಲ್ಲವಲ್ಲ.

ತೀರ್ಥಹಳ್ಳಿಯ ಕಾಲೇಜಿನ ಕಚೇರಿಯಲ್ಲಿ ನನಗೆ ಕೆಲಸ ಸಿಕ್ಕಾಗ, ಸಂಬಳ ಕೊಡಲು ಪ್ಯಾನ್ ನಂಬರ್ ಬೇಕೆಂದರು. ನೀನು ಹುಂಚದ ಶಾಲೆಯ ಬಿಸಿಯೂಟದ ಅಡುಗೆಗೆ ರಜೆ ಹಾಕಿ ನನ್ನ ಜೊತೆ ಹೊಸನಗರಕ್ಕೆ ಬಂದೆ. ಸೈಬರ್ ಸೆಂಟರಿನ ಪೂರ್ಣೇಶಣ್ಣ ಅರ್ಜಿ ತುಂಬುತ್ತ, 'ಅಪ್ಪ ಜೊತೇಲಿಲ್ಲ ಅಂದ್ರೆ ಈಗ ಅಮ್ಮನ ಹೆಸ್ರೊಂದೇ ಹಾಕ್ಬೋದು' ಎಂದ. ಹಾಗೇ ಹಾಕಿ ಎಂದು ನಾನು ಹೇಳುವಷ್ಟರಲ್ಲಿ ನೀನು ನನ್ನ ಕೈ ಚಿವುಟಿದೆ. 'ಬ್ಯಾಡ ಮಗಾ, ಅಪ್ಪನ ಹೆಸ್ರೇ ಇರ್ಲಿ. ನೋಡ್ದೋರು ಎಂತ ಅಂದ್ಕೊಳ್ತಾರೆ?'

ನಾನು ಎರಡು ವರ್ಷದವಳಿದ್ದಾಗ ಕೆಲಸಕ್ಕೆಂದು ಹುಲಿಕಲ್ ಘಾಟಿ ಇಳಿದುಹೋದ ಅಪ್ಪ ಮತ್ತೆ ಬಂದಿರಲಿಲ್ಲ. ಆದರೂ ಶಾಲೆಯಲ್ಲಿ, ರೇಷನ್ ಕಾರ್ಡಿನಲ್ಲಿ, ಎಲ್ಲೆಡೆ ನೀನು ಚಂದ್ರಯ್ಯ ಎಂದೇ ಬರೆಸಿದ್ದೆ. ಆ ಅರ್ಜಿಯಲ್ಲೂ ನೀನು ಅದನ್ನೇ ಬರೆಸಿದೆ. ವಾಪಸ್ ಬರುವಾಗ ಬಸ್ಸಿನಲ್ಲಿ ನಾನು ನಿನ್ನ ಪಕ್ಕ ಬಿಟ್ಟು ಬೇರೆ ಸೀಟಿನಲ್ಲಿ ಕೂತೆ.

ಕಾರ್ಡು ಅಂಚೆಯಲ್ಲಿ ಬರುವ ಹೊತ್ತಿಗೆ ನೀನು ಕಾಯಿಲೆ ಬಿದ್ದು ಸಾಗರದ ಆಸ್ಪತ್ರೆಯಲ್ಲಿದ್ದೆ. ಅದನ್ನು ನಿನ್ನ ಕೈಗಿಟ್ಟಾಗ ನೀನು ನನ್ನ ಫೋಟೋ ಸವರಿ ನಕ್ಕೆ. ನಾನು ಆ ಹತ್ತು ಅಕ್ಷರ, ಅಂಕಿಗಳ ಸಾಲು ತೋರಿಸಿ, ಇದು ಜೀವನವಿಡೀ ನನ್ನದೇ, ಮದುವೆಯಾದರೂ ಬದಲಾಗುವುದಿಲ್ಲ, ಸಂಬಳದಲ್ಲಿ ತೆರಿಗೆ ಹಿಡಿದರೂ ಸರ್ಕಾರಕ್ಕೆ ಇದರಿಂದಲೇ ಗೊತ್ತಾಗುವುದು ಎಂದೆಲ್ಲ ಜಂಬದಿಂದ ವಿವರಿಸಿದೆ. ಎಲ್ಲ ಕೇಳಿಸಿಕೊಂಡು ನೀನು ಮೆಲ್ಲಗೆ ಅಂದೆ: 'ನನ್ ಹೆಸ್ರು ಸಣ್ಣಕ್ಕಾದ್ರೂ ಇಲ್ವಾ ಮಗಾ?'

'ನೀನೇ ಬ್ಯಾಡ ಅಂದ್ಯಲ್ಲ!' ನಾನು ಸಿಡುಕಿದೆ.

'ಹೌದಲ್ಲಾ' ಎಂದು ಕಾರ್ಡನ್ನು ನನಗೆ ಕೊಟ್ಟು ನೀನು ಗೋಡೆಯ ಕಡೆ ತಿರುಗಿ ಮಲಗಿದೆ. ನಾಲ್ಕನೆಯ ದಿನ ನೀನಿರಲಿಲ್ಲ.

ಕಾರ್ಡಿನ ವಿವರ ತಿದ್ದಿಸಬಹುದೆಂದು ನನಗೆ ತಿಳಿದದ್ದು ನಿನ್ನ ತಿಥಿ ಮುಗಿದ ಮೇಲೆ. ಮತ್ತೆ ಪೂರ್ಣೇಶಣ್ಣನ ಹತ್ತಿರ ಹೋದೆ. 'ನಂಬರ್ ಅದೇ ಇರ್ತದೆ, ಹೆಸ್ರಷ್ಟೇ ಬೇರೆ ಬತ್ತದೆ' ಎಂದವನು ಮುಖವನ್ನು ಕಂಪ್ಯೂಟರಿನ ಕಡೆ ತಿರುಗಿಸಿ ಟೈಪ್ ಮಾಡತೊಡಗಿದ.

ಹೊಸ ಕಾರ್ಡು ಹೋದ ವಾರ ಬಂತು. ಬ್ಯಾಂಕಿಗೆ ಒಯ್ದಾಗ ಕೌಂಟರಿನಲ್ಲಿದ್ದವರು ಕನ್ನಡಕ ಸರಿಮಾಡಿಕೊಂಡು, 'ಶೇಷಮ್ಮ ಅಂದ್ರೆ ಯಾರಮ್ಮ?' ಎಂದು ಗಟ್ಟಿಯಾಗಿ ಕೇಳಿದರು. 'ನಮ್ಮಮ್ಮ' ಎಂದೆ. ಅವರು ಬರೆದುಕೊಂಡು, ಸಹಿ ಹಾಕಲು ಪುಸ್ತಕ ನನ್ನ ಕಡೆ ತಿರುಗಿಸಿದರು. ಅಷ್ಟು ಜನರ ಎದುರು ನನಗೆ ಅಳು ಬಂದುಬಿಟ್ಟಿತು.

ಅವತ್ತು ಸಿಡುಕಿದ್ದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಡ. ಎಲ್ಲಿದ್ದರೂ ತಣ್ಣಗಿರು ಅಮ್ಮ.

ಶೇಷಮ್ಮನ ಮಗಳು,
ಧನ್ಯಶ್ರೀ